ನಡುವೆ ಬಿದ್ದ ಹಣ ಯಾರದು

ಪೋಕರ್ ಆಟದಲ್ಲಿ ಒಂದು ಜಾಗವಿದೆ. ಅಲ್ಲಿ ಕುಳಿತವನು ತನ್ನ ಎಲೆಗಳನ್ನು ನೋಡುವ ಮೊದಲೇ ಹಣ ಕಟ್ಟಬೇಕು. ಅದಕ್ಕೆ ಬಿಗ್ ಬ್ಲೈಂಡ್ ಎಂದು ಹೆಸರು. ಅವನ ಬಲಕ್ಕೆ ಕುಳಿತವನು ಅದರ ಅರ್ಧವನ್ನು ಕಟ್ಟುತ್ತಾನೆ. ಅದು ಸ್ಮಾಲ್ ಬ್ಲೈಂಡ್. ಇನ್ನೂ ಒಂದು ಜಾಗ ಬಲಕ್ಕೆ ಸರಿದರೆ ಬಟನ್. ಅಲ್ಲಿರುವವನು ಏನನ್ನೂ ಕಟ್ಟಬೇಕಾಗಿಲ್ಲ. ಮುಂದಿನ ಸುತ್ತುಗಳಲ್ಲಿ ಎಲ್ಲರ ನಡೆಯನ್ನೂ ನೋಡಿ ಕೊನೆಯಲ್ಲಿ ಮಾತಾಡುವ ಸೌಲಭ್ಯವೂ ಅವನಿಗೇ. ಪ್ರತಿ ಆಟಕ್ಕೂ ಬಟನ್ ಒಂದೊಂದು ಜಾಗ ಮುಂದೆ ಸರಿಯುವುದರಿಂದ ಈ ಭಾರ ಯಾರಿಗೂ ತಪ್ಪಿದ್ದಲ್ಲ. ಜಾತ್ರೆಗೆ ಮನೆಮನೆಯಿಂದ ಪಟ್ಟಿ ಎತ್ತುವಂತೆ, ಎಲ್ಲರೂ ಸರದಿಯ ಮೇಲೆ ಕೊಡುತ್ತಾರೆ. ಹಾಗೆ ನಡುವೆ ಒಂದಿಷ್ಟು ಬೀಳದಿದ್ದರೆ ಎಲ್ಲರೂ ಉತ್ತಮ ಎಲೆಗಾಗಿ ಕಾಯುತ್ತ ಕುಳಿತುಬಿಡುತ್ತಾರೆ, ಆಟವೇ ನಡೆಯುವುದಿಲ್ಲ.

ಉಪ್ಪಲ್‌ನಲ್ಲಿ ನಮ್ಮ ಮನೆಯ ಮಹಡಿಯ ಮೇಲೆ ಭಾನುವಾರ ಸಂಜೆ ಎಂಟು ಜನ ಈ ಆಟಕ್ಕೆ ಕೂಡುತ್ತೇವೆ. ನಾಲ್ವರು ತೆಲುಗರು, ಮೂವರು ಕಲಬುರಗಿ–ಬೀದರ ಕಡೆಯಿಂದ ಬಂದ ಕನ್ನಡಿಗರು, ಒಬ್ಬರು ಹಳೆಯ ಹೈದರಾಬಾದಿನ ಉರ್ದು ಮಾತಿನವರು. ಪ್ಲಾಸ್ಟಿಕ್ ಬಿಲ್ಲೆಗಳಿವೆ, ಹಣವಿಲ್ಲ. ಗೆದ್ದವನು ಮುಂದಿನ ವಾರ ಎಲ್ಲರಿಗೂ ಮಿರ್ಚಿ ಭಜ್ಜಿ ತರಬೇಕೆಂಬ ಕಟ್ಟಳೆ ಇರುವುದರಿಂದ ಗೆಲುವಿನಲ್ಲಿ ಲಾಭವೂ ಇಲ್ಲ. ಆದರೂ ಎಲ್ಲರಿಗೂ 25,000 ಬಿಲ್ಲೆ ಹಂಚಿ, ಬ್ಲೈಂಡುಗಳನ್ನು ಹಂತಹಂತವಾಗಿ ಏರಿಸುತ್ತ, ಬಿಲ್ಲೆ ಮುಗಿದವರನ್ನು ಹೊರಗೆ ಕೂರಿಸುತ್ತ ಆಡುವ ಈ ಟೂರ್ನಿಯಲ್ಲಿ ಜಗಳಗಳು ಕಡಿಮೆಯಿಲ್ಲ. ಹೆಚ್ಚಿನವು ಒಂದೇ ಪ್ರಶ್ನೆಯ ಸುತ್ತ ಹುಟ್ಟಿದವು: ಬಿಗ್ ಬ್ಲೈಂಡಿನಲ್ಲಿ ಕುಳಿತಾಗ ಕೈಯಲ್ಲಿ ಕೆಟ್ಟ ಎಲೆ ಇದ್ದರೆ, ಕಟ್ಟಿದ್ದನ್ನು ಕಾಯಲು ಮತ್ತೆ ಹಾಕಬೇಕೇ, ಬಿಟ್ಟು ಎಲೆ ಮುಚ್ಚಬೇಕೇ?

ಬ್ಲೈಂಡುಗಳು 500 ಮತ್ತು 1,000 ಎಂದಿಟ್ಟುಕೊಳ್ಳೋಣ. ಈಗ ಹೆಚ್ಚಿನ ಟೂರ್ನಿಗಳಲ್ಲಿ ಇಡೀ ಮೇಜಿನ ಪರವಾಗಿ ಇನ್ನೊಂದು 1,000ವನ್ನು ಆ್ಯಂಟಿ ಎಂಬ ಹೆಸರಿನಲ್ಲಿ ಬಿಗ್ ಬ್ಲೈಂಡಿನವನೇ ಕಟ್ಟುತ್ತಾನೆ. ನಾವೂ ಹಾಗೆಯೇ ಆಡುತ್ತೇವೆ. ಅಂದರೆ ಎಲೆ ಹಂಚುವ ಮೊದಲೇ ನಡುವೆ 2,500 ಬಿದ್ದಿರುತ್ತದೆ. ಎಲ್ಲರೂ ಎಲೆ ಮುಚ್ಚುತ್ತ ಬಂದು, ಬಟನ್‌ನವನು 2,200ಕ್ಕೆ ಏರಿಸುತ್ತಾನೆ. ಸ್ಮಾಲ್ ಬ್ಲೈಂಡಿನವನೂ ಮುಚ್ಚುತ್ತಾನೆ. ಈಗ ಪಾಟ್‌ನಲ್ಲಿ 4,700 ಇದೆ. ನಾನು ಈಗಾಗಲೇ 1,000 ಬ್ಲೈಂಡ್ ಕಟ್ಟಿರುವುದರಿಂದ ಇನ್ನು 1,200 ಹಾಕಿದರೆ ಸಾಕು, ಮೇಜಿನ ಮೇಲೆ ತೆರೆಯುವ ಮೊದಲ ಮೂರು ಎಲೆಗಳನ್ನು, ಅಂದರೆ ಫ್ಲಾಪನ್ನು, ನೋಡಬಹುದು. ಕೈ ತೆರೆದು ನೋಡಿದರೆ ಬಣ್ಣ ಕೂಡದ ಏಳು ಮತ್ತು ಎರಡು. ಪೋಕರ್ ಆಡುವವರೆಲ್ಲ ಹಾಸ್ಯಕ್ಕೆ ಹೆಸರಿಸುವ ಜೋಡಿ ಅದು.

ಇಲ್ಲಿ ಮನಸ್ಸು ಎರಡು ಕಡೆಗೆ ಎಳೆಯುತ್ತದೆ. ಒಂದು ಕಡೆ ಗೃಹಸ್ಥನ ವಿವೇಕ: ಎಲೆ ಕೆಟ್ಟದ್ದು, ಮುಚ್ಚು. ಇನ್ನೊಂದು ಕಡೆ ಯಜಮಾನನ ಅಭಿಮಾನ: ನನ್ನ ಹಣ ಅಲ್ಲಿ ಬಿದ್ದಿದೆ, ಇವನು ಯಾರು ಎತ್ತಿಕೊಂಡು ಹೋಗಲು? ಮೂವತ್ತು ವರ್ಷ ಸಂಖ್ಯಾಶಾಸ್ತ್ರ ಕಲಿಸಿದವನಾದ ನನಗೆ ಈ ಆಟದಲ್ಲಿ ರುಚಿ ಹುಟ್ಟಿದ್ದೇ ಇಲ್ಲಿ, ಏಕೆಂದರೆ ಇವೆರಡೂ ತಪ್ಪು ಕಾರಣಗಳು.

ಮೊದಲು ವಿವೇಕದ ಮಾತನ್ನು ನೋಡೋಣ. 1,200 ಹಾಕಿದರೆ ಪಾಟ್ ಒಟ್ಟು 5,900 ಆಗುತ್ತದೆ. 1,200 ಎಂಬುದು 5,900ರಲ್ಲಿ ಶೇಕಡಾ 20ಕ್ಕಿಂತ ಸ್ವಲ್ಪ ಹೆಚ್ಚು. ಅಂದರೆ ಆ ಪಾಟ್‌ನಲ್ಲಿ ಸರಾಸರಿ ಐದನೆಯ ಒಂದು ಪಾಲಿಗಿಂತ ತುಸು ಹೆಚ್ಚು ನನ್ನ ಕಡೆಗೆ ಬಂದರೂ ಕೊಟ್ಟ ಬೆಲೆ ನ್ಯಾಯವಾದದ್ದು. ಎದುರಾಳಿಯ ಕೈಯಲ್ಲಿ ಎಕ್ಕ ಮತ್ತು ರಾಜ ಇದ್ದರೂ, ಮೇಜಿನ ಐದೂ ಎಲೆಗಳು ತೆರೆದುಕೊಳ್ಳುವವರೆಗೆ ಆಟ ನಡೆದರೆ, ನನ್ನ ಏಳು–ಎರಡು ಮೂರರಲ್ಲಿ ಹೆಚ್ಚುಕಡಿಮೆ ಒಂದು ಸಲ ಗೆಲ್ಲುತ್ತದೆ. ಎರಡು ಎಕ್ಕಗಳ ಎದುರಿಗಾದರೆ ಮಾತ್ರ ಎಂಟರಲ್ಲಿ ಒಂದರ ಆಸುಪಾಸಿಗೆ ಇಳಿಯುತ್ತದೆ. ಆದರೆ ಬಟನ್‌ನಿಂದ ಏರಿಸುವವನ ಬಳಿ ಎರಡು ಎಕ್ಕ ಇರುವುದು ಅಪರೂಪ. ಅಲ್ಲಿ ಕುಳಿತವನು ಸಾಧಾರಣ ಎಲೆಯಲ್ಲೂ ಏರಿಸುತ್ತಾನೆ. ಏರಿಸದೆ ಇರಲು ಅವನಿಗೆ ಕಾರಣವೂ ಇಲ್ಲ. 2,500 ಎತ್ತಿಕೊಳ್ಳಲು ಅವನು 2,200ನ್ನು ಪಣಕ್ಕಿಡುತ್ತಿದ್ದಾನೆ. ಸ್ಮಾಲ್ ಬ್ಲೈಂಡ್ ಹೋದ ಮೇಲೆ ನಾನು ನೂರಕ್ಕೆ 47 ಸಲ ಎಲೆ ಮುಚ್ಚುವವನೆಂದು ಗೊತ್ತಾದರೆ ಸಾಕು, ತನ್ನ ಎಲೆಯನ್ನು ತಿರುಗಿಸಿ ನೋಡದೆಯೂ ಅವನು ನಷ್ಟವಿಲ್ಲದೆ ಏರಿಸಬಲ್ಲ. ಬೇಲಿಯಿಲ್ಲದ ಹೊಲಕ್ಕೆ ದನ ನುಗ್ಗುವುದಕ್ಕೆ ದನವನ್ನು ದೂರಿ ಫಲವಿಲ್ಲ.

ಆದ್ದರಿಂದ ಎಲೆ ಎಷ್ಟು ಕೆಟ್ಟದ್ದು ಎಂಬುದಷ್ಟೇ ಪ್ರಶ್ನೆಯಾಗದು. ಕೊಡಬೇಕಾದ ಬೆಲೆಗೆ ಹೋಲಿಸಿದರೆ ಎಷ್ಟು ಕೆಟ್ಟದ್ದು ಎಂದು ಕೇಳಬೇಕು. ಸಂತೆಯಲ್ಲಿ ಕೊಳೆತ ಬದನೆಕಾಯಿಯನ್ನು ಯಾರೂ ಕೊಳ್ಳುವುದಿಲ್ಲ. ಬಾಡಿದ ಬದನೆಕಾಯಿಯನ್ನು ಸಂಜೆಯ ಬೆಲೆಗೆ ಕೊಂಡು ಎಣ್ಣೆಗಾಯಿ ಮಾಡುವ ಜಾಣೆಯರು ನಮ್ಮ ಮನೆಗಳಲ್ಲಿಯೇ ಇದ್ದಾರೆ.

ಇಷ್ಟು ಕೇಳಿದ ಮೇಲೆ ನಮ್ಮ ಮೇಜಿನ ಇಬ್ಬರು ಬಿಗ್ ಬ್ಲೈಂಡಿನಲ್ಲಿ ಎಲೆ ಮುಚ್ಚುವುದನ್ನೇ ಬಿಟ್ಟರು. ಅದೂ ಸಲ್ಲ. ಐದೂ ಎಲೆಗಳು ತೆರೆದುಕೊಳ್ಳುವವರೆಗೆ ಆಟ ನಡೆದರೆ ಎಂದು ಮೇಲೆ ಹೇಳಿದೆನಲ್ಲ, ಕಷ್ಟವೆಲ್ಲ ಆ ‘ನಡೆದರೆ’ಯಲ್ಲಿದೆ. ಬಿಗ್ ಬ್ಲೈಂಡಿನವನು ಬಟನ್‌ನವನಿಗಿಂತ ಮೊದಲು ಮಾತಾಡಬೇಕು. ಜೋಡಿಯಲ್ಲದ ಎರಡು ಎಲೆಗಳು ಫ್ಲಾಪಿನಲ್ಲಿ ಒಂದು ಜೋಡಿಯನ್ನಾದರೂ ಕಾಣುವುದು ಮೂರಕ್ಕೆ ಒಂದು ಸಲ. ಉಳಿದೆರಡು ಸಲ ಕೈ ಬರಿದು. ಎದುರಾಳಿ ಮತ್ತೆ ಹಣ ಹೂಡಿದೊಡನೆ ನಾನು ಹೊರಡಬೇಕು, ಕೊನೆಯ ಎರಡು ಎಲೆಗಳಲ್ಲಿ ನನ್ನ ಏಳು ಬರಲಿತ್ತೇ ಎಂಬುದು ಎಂದಿಗೂ ತಿಳಿಯುವುದಿಲ್ಲ. ಹಾಗಾಗಿ ಕಾಗದದ ಮೇಲಿನ ಪಾಲು ಪೂರ್ತಿಯಾಗಿ ಕೈಗೆ ಬರುವುದಿಲ್ಲ.

ನನ್ನ ಎಲೆಯ ಪಾಲು ಶೇಕಡಾ 30 ಎಂದುಕೊಳ್ಳಿ. ಅದರಲ್ಲಿ ಹತ್ತಕ್ಕೆ ಏಳು ಭಾಗ ನನಗೆ ದಕ್ಕಿತೆಂದರೆ ಸಿಗುವುದು ಶೇಕಡಾ 21, 5,900ರಲ್ಲಿ 1,239. ಕೊಟ್ಟದ್ದು 1,200. ಲಾಭ 39 ಬಿಲ್ಲೆ. ಹತ್ತಕ್ಕೆ ಆರು ಭಾಗ ಮಾತ್ರ ದಕ್ಕಿದರೆ ಸಿಗುವುದು 1,062, ನಷ್ಟ 138. ಅದೇ ಎಲೆ, ಅದೇ ಬೆಲೆ. ಹಾಕಿದ ಮೇಲೆ ಹೇಗೆ ಆಡುತ್ತಾನೆ ಎಂಬುದು ಲಾಭವನ್ನು ನಷ್ಟವಾಗಿಸುತ್ತದೆ. ಒಂದೇ ಬಣ್ಣದ ಆರು–ಐದು ಏಳು–ಎರಡಕ್ಕಿಂತ ಎಷ್ಟೋ ಮೇಲು. ಅದಕ್ಕೆ ಸಾಲು ಕೂಡುವ, ಬಣ್ಣ ಕೂಡುವ ದಾರಿಗಳಿವೆ. ಫ್ಲಾಪ್ ಬಿದ್ದೊಡನೆ ತಾನು ಎಲ್ಲಿದ್ದೇನೆಂದು ಸ್ಪಷ್ಟವಾಗಿ ಹೇಳುತ್ತದೆ. ಬಣ್ಣ ಕೂಡದ ರಾಜ–ನಾಲ್ಕು ನೋಡಲು ದೊಡ್ಡದು. ಆದರೆ ರಾಜ ಬಿದ್ದಾಗ ಎದುರಾಳಿಯ ರಾಜ–ರಾಣಿಗೆ ಸಿಕ್ಕಿ ಕೊನೆಯವರೆಗೂ ಹಣ ತೆರುವ ಎಲೆ ಅದೇ. ಏಳು–ಎರಡನ್ನು ನಾನು ಈ ಬೆಲೆಗೂ ಮುಚ್ಚುತ್ತೇನೆ. ಅದಕ್ಕೆ ಬೇಕಾದ ಪಾಲು ಕಾಗದದ ಮೇಲಿದ್ದರೂ ಕೈಗೆ ಬರುವ ದಾರಿಯಿಲ್ಲ. ಆರು–ಐದಕ್ಕೆ ಸಂತೋಷದಿಂದ 1,200 ಹಾಕುತ್ತೇನೆ, ಹಾಕುವಾಗಲೇ ಮೂರರಲ್ಲಿ ಎರಡು ಸಲ ಫ್ಲಾಪ್ ನೋಡಿ ಎದ್ದು ಹೋಗಬೇಕಾದೀತೆಂದು ಒಪ್ಪಿಕೊಂಡು. ಹಾಗೆ ಒಪ್ಪಿಕೊಳ್ಳಲಾಗದವನು ಮೊದಲೇ ಮುಚ್ಚುವುದು ಲೇಸು.

ಟೂರ್ನಿಯಲ್ಲಿ ಇನ್ನೂ ಒಂದು ತೊಡಕಿದೆ. ಅಲ್ಲಿ ಬಿಲ್ಲೆ ಮುಗಿದರೆ ಮತ್ತೆ ಕೊಳ್ಳುವಂತಿಲ್ಲ. ಮೂವರು ಉಳಿದಿದ್ದಾರೆ, ಮೂವರ ಬಳಿಯೂ ಸಮ ಬಿಲ್ಲೆ, ಬಹುಮಾನ ಇಬ್ಬರಿಗೆ ಮಾತ್ರ, ಎರಡೂ ಸಮ. ಒಬ್ಬ ತನ್ನದೆಲ್ಲವನ್ನೂ ನಡುವೆ ತಳ್ಳುತ್ತಾನೆ. ಸಣ್ಣ ಬ್ಲೈಂಡುಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಏನೂ ಮಾಡದೆ ಕುಳಿತ ನನ್ನ ಪಾಲು ಒಂದು ಬಹುಮಾನದ ಮೂರರಲ್ಲಿ ಎರಡು. ಅವನನ್ನು ಎದುರಿಸಿ ಗೆದ್ದರೆ ಒಂದು ಬಹುಮಾನ, ಸೋತರೆ ಸೊನ್ನೆ. ಬಿಲ್ಲೆಗಳ ಲೆಕ್ಕದಲ್ಲಿ ಅರ್ಧದಷ್ಟು ಗೆಲ್ಲುವ ಸಂಭವ ಸಾಕು. ಬಹುಮಾನದ ಲೆಕ್ಕದಲ್ಲಿ ಮೂರಕ್ಕೆ ಎರಡು ಸಲ ಗೆಲ್ಲುವ ಎಲೆಯೇ ಬೇಕು. ಗೆದ್ದ ಬಿಲ್ಲೆಗಿಂತ ಕಳೆದ ಬಿಲ್ಲೆಗೆ ಬೆಲೆ ಹೆಚ್ಚು. ಬೆಲೆ ಅಗ್ಗವೆಂದು ಕಂಡರೂ ಯಾವ ಹಣದಿಂದ ಅದನ್ನು ಕೊಡುತ್ತಿದ್ದೇನೆಂದು ಕೇಳಿಕೊಳ್ಳಬೇಕಾಗುವುದು ಇಂಥಲ್ಲಿ.

ಇನ್ನು ಯಜಮಾನನ ಅಭಿಮಾನ. ನಾನು ಕಟ್ಟಿದ 1,000 ನನ್ನದೇ? ಬಿಲ್ಲೆಯ ಮೇಲೆ ಹೆಸರಿರುವುದಿಲ್ಲ. ಕೈಬಿಟ್ಟ ಕ್ಷಣದಿಂದ ಅದು ಪಾಟ್‌ನದು. ಆದರೂ ಬಿಗ್ ಬ್ಲೈಂಡಿನವನು ಇತರರಿಗಿಂತ ಕೆಟ್ಟ ಎಲೆಯನ್ನು ಕಾಯಬಹುದೆಂದು ನಾನೇ ಮೇಲೆ ಹೇಳಿದ್ದೇನೆ. ಹಾಗಾದರೆ ಕಟ್ಟಿದ್ದಕ್ಕೆ ಬೆಲೆ ಇದೆಯೋ ಇಲ್ಲವೋ? ನಮ್ಮ ಮೇಜಿನಲ್ಲಿ ಇದನ್ನು ಬಿಡಿಸಿ ಹೇಳಲು ನೆರವಾದದ್ದು ಉಪ್ಪಲ್‌ನ ರಸ್ತೆಯೇ. ಉಪ್ಪಲ್ ವೃತ್ತದಿಂದ ವರಂಗಲ್ ಹೆದ್ದಾರಿಯಲ್ಲಿ ನಾರಪಲ್ಲಿಯವರೆಗೆ ಒಂದು ಮೇಲ್ಸೇತುವೆಯ ಕೆಲಸ 2018ರಲ್ಲಿ ಆರಂಭವಾಯಿತು. ಕಂಬಗಳೆದ್ದವು, ಆಮೇಲೆ ಕೆಲಸ ವರ್ಷಗಟ್ಟಲೆ ಕುಂಟಿತು. ತಲೆಯ ಮೇಲೆ ಏನನ್ನೂ ಹೊರದೆ ನಿಂತ ಆ ಕಂಬಗಳ ನಡುವೆ, ಕಿತ್ತುಹೋದ ರಸ್ತೆಯಲ್ಲಿ ಧೂಳು ಕುಡಿದವರೆಲ್ಲರೂ ಹೇಳುತ್ತಿದ್ದುದು ಒಂದೇ ಮಾತು: ಇಷ್ಟು ಖರ್ಚು ಮಾಡಿ ಬಿಡುವುದುಂಟೇ?

ತೀರ್ಮಾನ ಸರಿ ಇರಬಹುದು, ಕಾರಣ ಸರಿಯಲ್ಲ. ಖರ್ಚಾದದ್ದು ಖರ್ಚಾಯಿತು, ಮುಗಿಸಿದರೂ ಬಿಟ್ಟರೂ ಅದು ಖಜಾನೆಗೆ ಮರಳುವುದಿಲ್ಲ. ಆದರೆ ಆ ಖರ್ಚಿನಿಂದ ಎದ್ದ ಕಂಬಗಳು ಅಲ್ಲಿವೆ. ಅವು ಇರುವುದರಿಂದ ಇಡೀ ಸೇತುವೆಯ ಉಪಯೋಗವನ್ನು ಉಳಿದ ಕೆಲಸದ ಬೆಲೆಗೆ ಪಡೆಯಬಹುದು. ಕಂಬಗಳನ್ನು ನಾವು ಕಟ್ಟಿದ್ದೇವೋ ಬೇರೆ ಯಾರೋ ಕಟ್ಟಿಬಿಟ್ಟು ಹೋಗಿದ್ದಾರೋ, ಲೆಕ್ಕ ಒಂದೇ. ಬಿಗ್ ಬ್ಲೈಂಡೂ ಹಾಗೆಯೇ. ನನ್ನ 1,000 ಪಾಟ್‌ನಲ್ಲಿ ಬಿದ್ದಿರುವುದರಿಂದ ಬಹುಮಾನ ದೊಡ್ಡದಾಗಿದೆ, ನಾನು ಇನ್ನು ಹಾಕಬೇಕಾದದ್ದು ಕಡಿಮೆಯಾಗಿದೆ. ಅಷ್ಟು ಮಾತ್ರ ಅದರ ಬೆಲೆ. ಹಿಂದೆ ಕೊಟ್ಟ ಹಣ ಇನ್ನೂ ನಡುವೆ ಬಿದ್ದಿದೆಯೇ ಎಂದು ಕೇಳಬೇಕು. ಅದನ್ನು ಕೊಟ್ಟವರು ಯಾರೆಂಬುದು ಬೇಡ.

ಈ ಪ್ರಶ್ನೆಯನ್ನು ಬಿಲ್ಲೆಯಾಚೆಗೆ ಒಯ್ಯಬೇಕಾದ ದಿನವೂ ಬಂತು. ನಮ್ಮ ಮೇಜಿನ ಅತಿ ಕಿರಿಯ, ಬೀದರ ಜಿಲ್ಲೆಯ ಹಳ್ಳಿಯೊಂದರ ಹುಡುಗ. ಇಲ್ಲಿ ರಾತ್ರಿ ಪಾಳಿಯ ಕೆಲಸ, ಅವನ ತಂದೆ ನನ್ನ ಹಳೆಯ ಗೆಳೆಯ. 2024ರ ಒಂದು ಭಾನುವಾರ ಎಲ್ಲರೂ ಹೋದ ಮೇಲೆ ಅವನು ಉಳಿದು ಫೋನು ತೆರೆದು ತೋರಿಸಿದ. ತೆಲಂಗಾಣದಲ್ಲಿ ಆ್ಯಪ್ ತೆರೆಯುವುದಿಲ್ಲ. ಶನಿವಾರ ಊರಿಗೆ ಹೊರಟು, ಬಸ್ಸು ಜಹೀರಾಬಾದ್ ದಾಟಿ ಕರ್ನಾಟಕದ ಗಡಿ ಸೇರಿದೊಡನೆ ತೆರೆಯುತ್ತದೆ. ಊರಲ್ಲಿ ಎರಡು ರಾತ್ರಿ ಆಡಿ ಮರಳುತ್ತಿದ್ದ. ಹನ್ನೊಂದು ತಿಂಗಳಲ್ಲಿ ಹೋದದ್ದು 1,84,000 ರೂಪಾಯಿ. ಅವನು ಕೆಟ್ಟ ಆಟಗಾರನೇನಲ್ಲ. ನಮ್ಮಲ್ಲಿ ಎಲ್ಲರಿಗಿಂತ ಹೆಚ್ಚು ಭಜ್ಜಿ ತಂದವನು ಅವನೇ.

“ಬೆಲಿ ಸಸ್ತಾ ಇದ್ರ ಕೆಟ್ಟ ಎಲಿಗೂ ಹಾಕಬೇಕು ಅಂತೀರಿ,” ಎಂದ. “ನಾ ಇಷ್ಟು ಹಾಕೀನಿ. ಈಗ ಬಿಟ್ಟು ಎದ್ರ ಅದೆಲ್ಲಾ ಹೋಗ್ತದಲ್ಲ, ಕಾಕಾ?”

“ಆ ರೊಕ್ಕ ಈಗ ಎಲ್ಲಿ ಅದ, ತಮ್ಮಾ?” ಎಂದು ಕೇಳಿದೆ.

ಬಹಳ ಹೊತ್ತು ಸುಮ್ಮನಿದ್ದ. “ಮಂದಿ ಕೈಯಾಗ ಅದ,” ಎಂದ.

ನಡುವೆ ಇಲ್ಲ. ಅವನು ಮುಂದಿನ ಟೂರ್ನಿಗೆ ಕುಳಿತರೆ ಅಲ್ಲಿ ಹೊಸ ಜನ, ಹೊಸ ಹಣ. ಕಳೆದದ್ದರಲ್ಲಿ ಒಂದು ರೂಪಾಯಿಯೂ ಆ ಪಾಟ್‌ನಲ್ಲಿ ಬಿದ್ದಿರುವುದಿಲ್ಲ. ಅದರ ದೆಸೆಯಿಂದ ಬೆಲೆ ಅಗ್ಗವಾಗುವುದೂ ಇಲ್ಲ. ಮೇಲಾಗಿ, ಅವನು ಪ್ರವೇಶಕ್ಕೆ ಕಟ್ಟುತ್ತಿದ್ದ 1,100ರಲ್ಲಿ 1,000 ಬಹುಮಾನದ ನಿಧಿಗೆ, 100 ಆಟ ನಡೆಸುವವರಿಗೆ. ಸುಮಾರು ಮುನ್ನೂರು ಟೂರ್ನಿ ಆಡಿದ್ದ. ಎದುರಾಳಿಗಳಿಗೆ ಸರಿಸಮನಾಗಿ ಆಡಿದ್ದರೂ 30,000 ರೂಪಾಯಿ ಹೋಗುತ್ತಿತ್ತು, ಯಾರಿಗೂ ಸೋಲದೆ. ಅದು ಎಂದೂ ಯಾವ ಪಾಟ್‌ನಲ್ಲಿಯೂ ಬೀಳದ ಹಣ. ಇನ್ನು ಅವನು ಕೊಡುತ್ತಿದ್ದ ಬೆಲೆ ಎಲ್ಲಿಂದ ಬರುತ್ತಿತ್ತು? ಮನೆ ಬಾಡಿಗೆಯಿಂದ, ತಂಗಿಯ ಕಾಲೇಜಿನ ಶುಲ್ಕಕ್ಕೆಂದು ತೆಗೆದಿಟ್ಟಿದ್ದರಿಂದ. ಮುಗಿದರೆ ಮತ್ತೆ ಕೊಳ್ಳಲಾಗದ ಬಿಲ್ಲೆಗಳು ಅವು.

ಈ ಆಟ ಕೌಶಲದ್ದೋ ಅದೃಷ್ಟದ್ದೋ ಎಂಬ ವಾದಕ್ಕೆ ನಮ್ಮ ನಾಡಿನಲ್ಲಿ ದೀರ್ಘ ಚರಿತ್ರೆಯಿದೆ. ಅದರ ಒಂದು ಮೂಲ ಉಪ್ಪಲ್‌ಗೆ ದೂರವಿಲ್ಲ. ಸಿಕಂದರಾಬಾದಿನ ಕ್ಲಬ್ಬೊಂದರ ಮೇಲೆ 1963ರಲ್ಲಿ ನಡೆದ ದಾಳಿಯ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಬಿದ್ದ ಎಲೆಗಳನ್ನು ನೆನಪಿಡಬೇಕಾದ, ಹಿಡಿಯುವುದರಲ್ಲೂ ಬಿಡುವುದರಲ್ಲೂ ಜಾಣ್ಮೆ ಬೇಕಾದ ರಮ್ಮಿ ಪ್ರಧಾನವಾಗಿ ಕೌಶಲದ ಆಟವೆಂದು 1967ರಲ್ಲಿ ತೀರ್ಪಾಯಿತು. ಪೋಕರನ್ನು ಕೌಶಲದ ಆಟವಾಗಿ ಆಡುವುದಾದರೆ ಪರವಾನಗಿ ಬೇಡವೆಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿತು. ತೆಲಂಗಾಣ 2017ರಲ್ಲಿ ತನ್ನ ಗೇಮಿಂಗ್ ಕಾಯ್ದೆಯನ್ನು ತಿದ್ದಿ, ಹಣವಿಟ್ಟು ಆನ್‌ಲೈನ್‌ನಲ್ಲಿ ಆಡುವ ರಮ್ಮಿ, ಪೋಕರುಗಳನ್ನು ನಿಷೇಧಿಸಿತು. ಕರ್ನಾಟಕ 2021ರಲ್ಲಿ ಅದೇ ದಾರಿ ಹಿಡಿದಾಗ ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೊಡೆದುಹಾಕಿತು. ಆ ಹುಡುಗನ ಬಸ್ಸು ದಾಟುತ್ತಿದ್ದುದು ಈ ಎರಡು ಉತ್ತರಗಳ ನಡುವಿನ ಗಡಿಯನ್ನು. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ, ಕೌಶಲವೋ ಅದೃಷ್ಟವೋ ಎಂದು ಕೇಳದೆ, ಹಣವಿಟ್ಟು ಆಡುವ ಆನ್‌ಲೈನ್ ಆಟಗಳಿಗೆಲ್ಲ ದೇಶದುದ್ದಕ್ಕೂ ಬಾಗಿಲು ಹಾಕಿತು.

ಪೋಕರಿನಲ್ಲಿ ಕೌಶಲವಿದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. 39ರ ಲಾಭವನ್ನೂ 138ರ ನಷ್ಟವನ್ನೂ ಬೇರೆ ಮಾಡುವುದು ಅದೇ. ಆದರೆ ಅಷ್ಟು ಸಣ್ಣ ಅಂತರ ಲಾಭವಾಗಿ ಕೂಡಿಬರಲು ಸಾವಿರಾರು ಆಟ ಬೇಕು, ಅಲ್ಲಿಯವರೆಗೆ ತಾಳುವ ಹಣ ಬೇಕು, ಪ್ರತಿ ಸಲವೂ ನೂರು ರೂಪಾಯಿ ಎತ್ತಿಕೊಳ್ಳುವ ಕೈ ಇರಬಾರದು. ತಿಂಗಳ ಸಂಬಳದ ಹುಡುಗನಿಗೆ ಈ ಮೂರರಲ್ಲಿ ಒಂದೂ ಇರಲಿಲ್ಲ.

ಅವನು ಅಂದೇ ಬಿಟ್ಟನೆಂದು ಹೇಳಲಾರೆ. ಕಡಿಮೆ ಮಾಡಿದ, ನಡುವೆ ಮತ್ತೆ ಆಡಿದ, ಆ್ಯಪ್ ಮುಚ್ಚಿದಾಗ ಅದರಲ್ಲಿ ಉಳಿದಿದ್ದ ಆರು ಸಾವಿರ ಚಿಲ್ಲರೆ ಖಾತೆಗೆ ಬಂತು. ಭಾನುವಾರದ ಮೇಜಿಗೆ ಈಗಲೂ ಬರುತ್ತಾನೆ.

ಹೋದ ಬೇಸಿಗೆಯಲ್ಲಿ ಅವನೇ ಒಂದು ಲೆಕ್ಕ ತಂದ. ಊರಲ್ಲಿ ತಂದೆ ಎರಡು ಕೊಳವೆಬಾವಿ ಕೊರೆಸಿ ಎರಡೂ ಒಣಗಿದ್ದವು. ಮೂರನೆಯದು ಕೊರೆಸಬೇಕು, ಎರಡಕ್ಕೆ ಹಾಕಿದ್ದು ವ್ಯರ್ಥವಾಗಬಾರದು ಎಂದು ಹಟ ಹಿಡಿದಿದ್ದರು. ಹುಡುಗ ಅವರಿಗೆ ಫೋನಿನಲ್ಲಿ ಹೇಳಿದ್ದನ್ನು ನನ್ನ ಮುಂದೆ ಮತ್ತೆ ಹೇಳಿದ. ನಾನೂರು ಅಡಿ ಕೊರೆದ ಒಂದು ಬಾವಿಯನ್ನು ಇನ್ನು ನೂರು ಅಡಿ ಇಳಿಸುವುದಾದರೆ ಕೇಳೋಣ. ಆ ನಾನೂರು ಅಡಿ ನೆಲದಲ್ಲಿದೆ, ಬೆಲೆ ಕೊಡಬೇಕಾದದ್ದು ನೂರಕ್ಕೆ ಮಾತ್ರ. ಬೇರೆ ಜಾಗದಲ್ಲಿ ಹೊಸದಾಗಿ ಕೊರೆಯುವುದಾದರೆ ಹಳೆಯ ಎರಡು ಬಾವಿಗಳಿಂದ ಒಂದು ಅಡಿಯೂ ಸಿಗುವುದಿಲ್ಲ. ಎರಡು ಸಲ ನೀರು ಬರಲಿಲ್ಲವೆಂಬುದು ಆ ಹೊಲದ ಬಗ್ಗೆ ಏನಾದರೂ ಹೇಳುತ್ತಿದ್ದರೆ ಅದನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು. ಮತ್ತೆ ಸಾಲ ತಂದರೆ ತೀರಿಸುವುದು ಯಾವ ಹಣದಿಂದ ಎಂಬುದನ್ನೂ ಕೇಳಬೇಕು.

ತಂದೆಗೆ ಕೋಪ ಬಂದಿತ್ತಂತೆ. ಎರಡು ವಾರ ಮಾತಾಡಲಿಲ್ಲವಂತೆ. ಬೋರಿನ ಲಾರಿಯನ್ನು ಮಾತ್ರ ಕರೆಸಲಿಲ್ಲ. ಈ ಮಳೆಗಾಲದಲ್ಲಿ ಆ ಹೊಲಕ್ಕೆ ತೊಗರಿ ಬಿತ್ತಿದ್ದಾರೆ.